ಹರಿದ ರಜ್ಜುವಿಗೆ ಜೀನ್ ಚಿಕಿತ್ಸೆ: ಯಾವಾಗ, ಎಷ್ಟು ದಿನ?

ಪಶ್ಚಿಮ ಬೆಂಗಳೂರಿನ ದುಡಿಮೆ ಬಹುಮಟ್ಟಿಗೆ ಬೆರಳುಗಳ ದುಡಿಮೆ. ರಾಜಾಜಿನಗರ ಇಂಡಸ್ಟ್ರಿಯಲ್ ಟೌನ್, ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆಯ ಅಡ್ಡರಸ್ತೆಗಳಲ್ಲಿ ಲೇತು, ಪವರ್ ಪ್ರೆಸ್ಸು, ಶೀಟ್ ಮೆಟಲ್ ಕೆಲಸ. ಮೈಸೂರು ರಸ್ತೆಯ ಉದ್ದಕ್ಕೂ ಗಾರ್ಮೆಂಟ್ಸ್. ಅದೇ ರಸ್ತೆಯಲ್ಲಿ ಕೆಂಗೇರಿಯ ಕಡೆಗೆ ಸಾಗಿದರೆ ಜ್ಞಾನಭಾರತಿ ಆವರಣದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ಅಲ್ಲಿನವರ ಬಂಡವಾಳ ಹಿಮ್ಮಡಿ, ಮೊಣಕಾಲು, ಭುಜ. ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಈ ಎರಡು ಲೋಕಗಳನ್ನೂ ಒಂದೇ ಏಟಿಗೆ ಕೆಳಗಿಳಿಸಬಲ್ಲ ಅಂಗವೆಂದರೆ ಸ್ನಾಯುರಜ್ಜು, ಅಂದರೆ ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಟೆಂಡನ್. ತಗಡು ತಾಗಿ ಬೆರಳಿನ ರಜ್ಜು ತುಂಡಾದ ಕಾರ್ಮಿಕ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಕೇಳುವುದೂ, ಹಿಮ್ಮಡಿ ರಜ್ಜು ಹರಿದ ಓಟಗಾರ್ತಿ ತನ್ನ ಫಿಸಿಯೋಥೆರಪಿಸ್ಟನ್ನು ಕೇಳುವುದೂ ಒಂದೇ: ಮೊದಲಿನ ಹಾಗೆ ಆಗುತ್ತದೆಯೇ? ಪ್ರಾಮಾಣಿಕ ಉತ್ತರವೆಂದರೆ, ಹತ್ತಿರ ಹತ್ತಿರ ಆಗುತ್ತದೆ, ಪೂರ್ತಿ ಆಗುವುದಿಲ್ಲ. ಈ ಉತ್ತರವನ್ನು ಬದಲಿಸಲು ಜೀನ್ ಚಿಕಿತ್ಸೆಯ ಸಂಶೋಧಕರು ಸುಮಾರು 3 ದಶಕಗಳಿಂದ ಹೆಣಗುತ್ತಿದ್ದಾರೆ. ಅವರ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಹರಿದ ರಜ್ಜುವಿಗೆ ಬೇಕಿರುವುದು ಜೀವನಪರ್ಯಂತ ಉಳಿಯುವ ಹೊಸ ಜೀನ್ ಅಲ್ಲ. ಸರಿಯಾದ ವಾರದಲ್ಲಿ ಬಂದು, ಕೆಲಸ ಮುಗಿಸಿ, ತಾನಾಗಿ ಅಳಿಸಿಹೋಗುವ ಒಂದು ಆದೇಶ. ಇದನ್ನು ಒಪ್ಪಿಕೊಂಡರೆ ಈ ಚಿಕಿತ್ಸೆಯ ಅಪಾಯ, ಖರ್ಚು, ನ್ಯಾಯ ಎಲ್ಲದರ ಲೆಕ್ಕವೂ ಬೇರೆಯಾಗುತ್ತದೆ.

ಮೊದಲು, ರಜ್ಜು ಏಕೆ ಸರಿಯಾಗಿ ಕೂಡಿಕೊಳ್ಳುವುದಿಲ್ಲ ಎಂಬುದನ್ನು ನೋಡಬೇಕು. ಮುರಿದ ಮೂಳೆ ಮೂಳೆಯಾಗಿಯೇ ಕೂಡುತ್ತದೆ. ಹರಿದ ರಜ್ಜು ಗಾಯದ ಕಲೆಯಾಗಿ ಕೂಡುತ್ತದೆ. ಆರೋಗ್ಯವಂತ ರಜ್ಜುವಿನ ಬಹುಭಾಗ ಮೊದಲನೆಯ ಬಗೆಯ ಕೊಲಾಜನ್. ಅದರ ಎಳೆಗಳು ಎಳೆತದ ದಿಕ್ಕಿಗೆ ಸಮಾನಾಂತರವಾಗಿ ಒತ್ತೊತ್ತಾಗಿ ಜೋಡಣೆಯಾಗಿರುತ್ತವೆ. ನಡುವೆ ಅಲ್ಲಲ್ಲಿ ಬೆರಳೆಣಿಕೆಯ ಜೀವಕೋಶಗಳು, ಅವಕ್ಕೆ ತಲುಪುವ ರಕ್ತವೂ ಕಡಿಮೆ. ಗಾಯವಾದಾಗ ಮೊದಲ ದಿನಗಳಲ್ಲಿ ಉರಿಯೂತ, ಮುಂದಿನ ವಾರಗಳಲ್ಲಿ ಜೀವಕೋಶಗಳ ವೃದ್ಧಿ, ಆಮೇಲೆ ತಿಂಗಳುಗಟ್ಟಲೆ ಮರುಜೋಡಣೆ ನಡೆಯುತ್ತದೆ. ನಡುವಿನ ಹಂತದಲ್ಲಿ ದೇಹ ಅವಸರದಿಂದ ಹೊಲಿದುಹಾಕುವುದು ಮೂರನೆಯ ಬಗೆಯ ಕೊಲಾಜನ್ನನ್ನು. ಅದು ತೆಳು, ಅಡ್ಡಾದಿಡ್ಡಿ, ದುರ್ಬಲ. ಅದು ಪೂರ್ತಿಯಾಗಿ ಮೊದಲ ಬಗೆಗೆ ಬದಲಾಗುವುದೇ ಇಲ್ಲ. ಡೆನ್ಮಾರ್ಕಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಬೇರನ್ನು ತೋರಿಸಿತು. ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣ ಸೇರಿದ ಇಂಗಾಲ-14ನ್ನು ಗುರುತಾಗಿ ಬಳಸಿ ಅವರು ಮನುಷ್ಯರ ಹಿಮ್ಮಡಿ ರಜ್ಜುವಿನ ವಯಸ್ಸನ್ನು ಅಳೆದರು. ಸುಮಾರು 17ನೇ ವಯಸ್ಸಿನ ಆಚೆಗೆ ರಜ್ಜುವಿನ ತಿರುಳು ಹೆಚ್ಚುಕಡಿಮೆ ನವೀಕರಣಗೊಳ್ಳುವುದೇ ಇಲ್ಲ ಎಂಬುದು ಫಲಿತಾಂಶ. ನಲವತ್ತರ ಫಿಟ್ಟರ್ ಒಬ್ಬರ ರಜ್ಜುವಿನ ಒಳತಿರುಳು ಅವರು ಪಿಯುಸಿ ಓದುವ ವಯಸ್ಸಿನಲ್ಲಿ ಕಟ್ಟಿಕೊಂಡದ್ದೇ. ಕಟ್ಟುವ ಆದೇಶ ಆಗಲೇ ನಿಂತಿದೆ. ಗಾಯವಾದ ಮೇಲೆ ಅದನ್ನು ಮತ್ತೆ ಹೊರಡಿಸುವುದು ಹೇಗೆ ಎಂಬುದೇ ಪ್ರಶ್ನೆ.

ಆದೇಶ ಹೊರಡಿಸುವ ಪ್ರೋಟೀನ್‌ಗಳು ಗೊತ್ತಿಲ್ಲದವೇನಲ್ಲ. ಪಿಡಿಜಿಎಫ್, ಬಿಎಫ್‌ಜಿಎಫ್, ಐಜಿಎಫ್-1, ಬಿಎಂಪಿ ಕುಟುಂಬದ 12, 13, 14ನೆಯ ಸದಸ್ಯರು ಎಂದು ಪಟ್ಟಿ ಉದ್ದವಿದೆ. ಹಾಗಾದರೆ ಪ್ರೋಟೀನನ್ನೇ ಚುಚ್ಚಬಾರದೇಕೆ? ಚುಚ್ಚಿದ ಪ್ರೋಟೀನ್ ಗಾಯದ ಜಾಗದಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ, ರಜ್ಜುವಿನ ದುರಸ್ತಿಗೆ ವಾರಗಳು ಬೇಕು. ಈ ಅಂತರವನ್ನು ತುಂಬಲು ಹುಟ್ಟಿದ್ದು ಜೀನ್ ಚಿಕಿತ್ಸೆಯ ಯೋಚನೆ: ಪ್ರೋಟೀನಿನ ಬದಲು ಅದನ್ನು ತಯಾರಿಸುವ ಜೀನನ್ನು ಗಾಯದ ಜೀವಕೋಶಗಳಿಗೆ ಕೊಟ್ಟರೆ ಅಲ್ಲೇ ಉತ್ಪಾದನೆ ನಡೆಯುತ್ತದೆ. 1990ರ ದಶಕದ ನಡುವಿನಲ್ಲಿ ವೈರಸ್ ವಾಹಕಗಳಿಂದ ರಜ್ಜುವಿನ ಜೀವಕೋಶಕ್ಕೆ ಜೀನ್ ತಲುಪಿಸಬಹುದೆಂದು ಪ್ರಯೋಗಗಳು ತೋರಿಸಿದವು. 1998ರಲ್ಲಿ ಜಪಾನಿನ ತಂಡವೊಂದು ಇಲಿಗಳ ಮಂಡಿಚಿಪ್ಪಿನ ರಜ್ಜುವಿಗೆ ಪಿಡಿಜಿಎಫ್ ಜೀನ್ ಕೊಟ್ಟು ದುರಸ್ತಿ ಚುರುಕಾದುದನ್ನು ಕಂಡಿತು. 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕತ್ತರಿಸಿ ಹೊಲಿದ ಕೋಳಿಯ ರಜ್ಜುವಿಗೆ ಬಿಎಂಪಿ-12 ಜೀನ್ ಕೊಟ್ಟಾಗ ಎಳೆತ ತಾಳುವ ಬಲ ಎರಡು ಪಟ್ಟಾಯಿತು. 2008ರಲ್ಲಿ ಚೀನಾದ ನಾನ್‌ಟಾಂಗಿನ ಕೈಶಸ್ತ್ರಚಿಕಿತ್ಸಕ ಜಿನ್ ಬೋ ಟಾಂಗ್ ಅವರ ತಂಡ ಎಎವಿ ಎಂಬ ಸೌಮ್ಯ ವೈರಸ್ಸಿನಲ್ಲಿ ಬಿಎಫ್‌ಜಿಎಫ್ ಜೀನನ್ನಿಟ್ಟು ಕೋಳಿಯ ಬೆರಳು ಮಡಿಸುವ ರಜ್ಜುವಿಗೆ ಸೇರಿಸಿತು. ಹೊಲಿಗೆ ಬಿಟ್ಟುಹೋಗುವ ಭಯ ಹೆಚ್ಚಿರುವ ಮೊದಲ ವಾರಗಳಲ್ಲೇ ಬಲ ಗಣನೀಯವಾಗಿ ಏರಿತು. ಕೈಶಸ್ತ್ರಚಿಕಿತ್ಸಕರಿಗೆ ಈ ಕೊನೆಯ ಫಲಿತಾಂಶ ದೊಡ್ಡದು. ಬೆರಳಿನ ಕೊಳವೆಯೊಳಗೆ ರಜ್ಜು ಜಾರುವ ಜಾಗವನ್ನು ಹಿಂದೆ ಅವರು ಯಾರೂ ಕಾಲಿಡಬಾರದ ನೆಲವೆಂದೇ ಕರೆಯುತ್ತಿದ್ದರು. ಅಲ್ಲಿ ಬಲ ಸಾಲದಿದ್ದರೆ ಹೊಲಿಗೆ ಕಿತ್ತುಬರುತ್ತದೆ, ಕಲೆ ಹೆಚ್ಚಾದರೆ ಬೆರಳು ಅಂಟಿಕೊಂಡು ಮಡಿಸಲು ಬರುವುದಿಲ್ಲ.

ಈ ಇಕ್ಕಟ್ಟೇ ನನ್ನ ವಾದದ ಮೊದಲ ಆಧಾರ. ಕಲೆಯನ್ನೂ ಬಲವನ್ನೂ ನಡೆಸುವ ಸಂಕೇತಗಳು ಬಹಳಷ್ಟು ಒಂದೇ. ಟಿಜಿಎಫ್-ಬೀಟಾ ಎಂಬ ಪ್ರೋಟೀನಿನ ಸಂಕೇತವನ್ನು ಜೀವಕೋಶದೊಳಗೆ ಒಯ್ಯುವ ಸ್ಮ್ಯಾಡ್-3 ಇಲ್ಲದ ಇಲಿಗಳಲ್ಲಿ ರಜ್ಜು ಅಂಟಿಕೊಳ್ಳುವುದು ಕಡಿಮೆಯಾಯಿತು, ಜೊತೆಗೇ ದುರಸ್ತಿಯಾದ ರಜ್ಜುವಿನ ಬಲವೂ ಕುಗ್ಗಿತು. ಸಂಕೇತವನ್ನು ಪೂರ್ತಿ ತೆಗೆದರೂ ನಷ್ಟ, ಪೂರ್ತಿ ಬಿಟ್ಟರೂ ನಷ್ಟ. ಬಿಎಂಪಿ ಕುಟುಂಬದ ಕಥೆಯೂ ಹೀಗೆಯೇ. ಅದೇ ಕುಟುಂಬದ ಬಿಎಂಪಿ-2 ಮೂಳೆ ಕಟ್ಟುವ ಪ್ರೋಟೀನ್. ರಜ್ಜುವಿನಲ್ಲಿ ಇಂಥ ಸಂಕೇತ ಮಿತಿಮೀರಿದರೆ ಇರಬಾರದ ಕಡೆ ಮೂಳೆ ಬೆಳೆಯುವ ಅಪಾಯವಿದೆ. 2006ರಲ್ಲಿ ಜರ್ಮನಿ ಮತ್ತು ಇಸ್ರೇಲಿನ ಸಂಶೋಧಕರು ಕಾಂಡಕೋಶಗಳಲ್ಲಿ ಬಿಎಂಪಿ-2ರ ಜೊತೆಗೆ ಸ್ಮ್ಯಾಡ್-8ನ್ನು ಚುರುಕುಗೊಳಿಸಿದಾಗ, ಮೂಳೆಯಾಗಬೇಕಿದ್ದ ಕೋಶಗಳು ರಜ್ಜುವಿನಂಥ ಅಂಗಾಂಶ ಕಟ್ಟಿದವು. ಒಂದು ಆದೇಶದ ಅರ್ಥವನ್ನು ಪಕ್ಕದ ಇನ್ನೊಂದು ಆದೇಶ ಬದಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಚೊಕ್ಕ ಪುರಾವೆ ಸಿಗುವುದು ಕಷ್ಟ. 2008ರಲ್ಲಿ ಅಮೆರಿಕದ ರಾಚೆಸ್ಟರಿನ ತಂಡ ಇನ್ನೊಂದು ಹಾದಿ ಹಿಡಿಯಿತು. ಜೀನನ್ನು ದೇಹಕ್ಕೆ ಚುಚ್ಚುವ ಬದಲು, ಒಣಗಿಸಿದ ದಾನಿ ರಜ್ಜುವಿನ ಮೇಲೆ ಬಿಎಂಪಿ ಕುಟುಂಬದ್ದೇ ಆದ ಜಿಡಿಎಫ್-5 ಜೀನ್ ಹೊತ್ತ ಎಎವಿಯನ್ನು ಲೇಪಿಸಿ ಇಲಿಗೆ ಕಸಿ ಮಾಡಿತು, ಅಂಟಿಕೊಳ್ಳುವಿಕೆ ಕಡಿಮೆಯಾಯಿತು. ಆದೇಶ ಕಸಿಯ ಮೈಮೇಲಷ್ಟೇ ಇತ್ತು ಎಂಬುದು ಅಲ್ಲಿನ ಜಾಣ್ಮೆ. ಈ ಸಾಲಿನ ಪ್ರಯೋಗಗಳನ್ನೆಲ್ಲ ಓದುವಾಗ ಯಾವ ಜೀನ್ ಎಂಬ ಪ್ರಶ್ನೆ ಮೆಲ್ಲಗೆ ಹಿಂದೆ ಸರಿದು, ಎಲ್ಲಿ, ಯಾವಾಗ, ಎಷ್ಟು ದಿನ ಎಂಬ ಪ್ರಶ್ನೆಗಳು ಮುಂದೆ ಬರುತ್ತವೆ.

ಜೀನ್ ಚಿಕಿತ್ಸೆ ಎಂದೊಡನೆ ನಮ್ಮ ಮನಸ್ಸಿಗೆ ಬರುವ ಉದಾಹರಣೆಗಳು ಬೇರೆ ಜಾತಿಯವು. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಘಟಕವಾದ ವೆಲ್ಲೂರಿನ ಕಾಂಡಕೋಶ ಸಂಶೋಧನಾ ಕೇಂದ್ರ ಮತ್ತು ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ತೀವ್ರ ಹಿಮೋಫಿಲಿಯಾ-ಎ ಇರುವ 5 ಮಂದಿಗೆ ಜೀನ್ ಚಿಕಿತ್ಸೆ ಕೊಟ್ಟ ವರದಿ 2024ರ ಡಿಸೆಂಬರಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ರಾಜಾಜಿನಗರದ ಕಾರ್ಡ್ ರಸ್ತೆಯಲ್ಲಿರುವ ನಾರಾಯಣ ನೇತ್ರಾಲಯದ ಸಂಶೋಧನಾ ವಿಭಾಗ ಕಣ್ಣಿನ ಕಾಯಿಲೆಗಳಿಗೆ ಜೀನ್ ಚಿಕಿತ್ಸೆಯನ್ನು ಅಭ್ಯಸಿಸುತ್ತಿದೆ. ವಂಶವಾಹಿ ರೋಗಗಳಲ್ಲಿ ಹುಟ್ಟಿನಿಂದಲೇ ಒಂದು ಜೀನ್ ಕೆಟ್ಟಿರುತ್ತದೆ. ಅದರ ಬದಲಿ ಎಷ್ಟು ಕಾಲ ಉಳಿದರೆ ಅಷ್ಟು ಲಾಭ. ಲೇತಿನ ಮುಂದೆ ಬೆರಳು ಕೊಯ್ದುಕೊಂಡವರಿಗೆ ಯಾವ ಜೀನೂ ಕೆಟ್ಟಿಲ್ಲ. ಅವರ ಜೀವಕೋಶಗಳಿಗೆ ರಜ್ಜು ಕಟ್ಟುವ ವಿದ್ಯೆ ಗೊತ್ತು, ಆ ವಿದ್ಯೆಯ ಅವಧಿ ಮುಗಿದಿದೆ ಅಷ್ಟೆ. ಎಎವಿ ತಂದ ಜೀನ್ ಅಪರೂಪಕ್ಕೆ ವಿಭಜನೆಯಾಗುವ ಕೋಶದಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ರೆಟಿನಾದಲ್ಲಿ ಅದು ವರ. ರಜ್ಜುವಿನಲ್ಲಿ, ಗಾಯ ಮಾಗಿದ ಮೇಲೂ ಬೆಳವಣಿಗೆಯ ಪ್ರೋಟೀನ್ ಹರಿಯುತ್ತಲೇ ಇದ್ದರೆ, ಅದೇ ಹೊಸ ತೊಂದರೆ. ನಾಟಿಯ ಗದ್ದೆಗೆ ನೀರು ಬೇಕೆಂದು ತೂಬನ್ನು ಕೊಯ್ಲಿನವರೆಗೂ ತೆರೆದಿಟ್ಟರೆ ಪೈರು ಕೊಳೆಯುತ್ತದೆ. ರಜ್ಜುವಿನ ಜೀನ್ ಚಿಕಿತ್ಸೆಯ ಮುಖ್ಯ ತಾಂತ್ರಿಕ ಸವಾಲು ತೂಬು ತೆರೆಯುವುದಕ್ಕಿಂತ ಮುಚ್ಚುವುದರಲ್ಲಿದೆ.

ತಾನಾಗಿ ಮುಚ್ಚಿಕೊಳ್ಳುವ ವಾಹಕಗಳು ಈಗ ಕಲ್ಪನೆಯ ಮಾತಲ್ಲ. ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರ ಸಾಮಾನ್ಯವಾಗಿ ಕೋಶದ ವರ್ಣತಂತುವಿಗೆ ಸೇರದೆ ಕೆಲಕಾಲ ಕೆಲಸ ಮಾಡಿ ಕರಗುತ್ತದೆ. ಎಂಆರ್‌ಎನ್‌ಎ ದಿನಗಳಲ್ಲೇ ಅಳಿಯುತ್ತದೆ. ಮೈಕ್ರೋಆರ್‌ಎನ್‌ಎ ಇನ್ನೂ ಸೂಕ್ಷ್ಮ. ಅದು ಹೊಸ ಪ್ರೋಟೀನ್ ಕಟ್ಟಿಸುವುದಿಲ್ಲ, ಇರುವ ಜೀನ್‌ಗಳ ದನಿಯನ್ನು ತಗ್ಗಿಸುತ್ತದೆ. ಇದರಲ್ಲಿ ಅತ್ಯಂತ ಮುಂದೆ ಹೋಗಿರುವುದು ಗ್ಲಾಸ್ಗೋದ ನೀಲ್ ಮಿಲ್ಲರ್ ಮತ್ತು ಸಂಗಡಿಗರ ಕೆಲಸ. ಸವೆದ ರಜ್ಜುವಿನಲ್ಲಿ ಐಎಲ್-33 ಎಂಬ ಉರಿಯೂತದ ಅಣು ಮೈಕ್ರೋಆರ್‌ಎನ್‌ಎ-29ಎಯನ್ನು ಕುಗ್ಗಿಸುತ್ತದೆ, ಅದರಿಂದ ದುರ್ಬಲವಾದ ಮೂರನೆಯ ಬಗೆಯ ಕೊಲಾಜನ್ ಹೆಚ್ಚಾಗುತ್ತದೆ ಎಂದು ಅವರು 2015ರಲ್ಲಿ ತೋರಿಸಿದರು. 29ಎಯನ್ನು ಮರಳಿ ಕೊಟ್ಟರೆ ಮೂರನೆಯ ಬಗೆ ಇಳಿಯುತ್ತದೆ, ಮೊದಲ ಬಗೆ ಬಹುಪಾಲು ಹಾಗೇ ಉಳಿಯುತ್ತದೆ. 2017ರಲ್ಲಿ ಕುದುರೆಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಗಾಯದ ಆರಂಭದ ಹಂತ ಸುಧಾರಿಸಿತು. ಮೊಣಕೈ ನೋವಿನ ರೋಗಿಗಳಲ್ಲಿ ಇದರ ಸುರಕ್ಷತೆಯನ್ನು ನೋಡುವ ಮೊದಲ ಹಂತದ ಮಾನವ ಪರೀಕ್ಷೆಯೂ ಶುರುವಾಯಿತು. 2018ರಲ್ಲಿ ರಷ್ಯಾದ ಕಜಾನಿನ ತಂಡ, ಸಹಜವಾಗಿ ಗಾಯಗೊಂಡ ಕುದುರೆಗಳಿಗೆ ರಕ್ತನಾಳ ಮತ್ತು ತಂತುಕೋಶ ಬೆಳೆಸುವ ಎರಡು ಜೀನ್‌ಗಳ ಪ್ಲಾಸ್ಮಿಡ್ ಚುಚ್ಚಿ ಚೇತರಿಕೆಯನ್ನು ವರದಿ ಮಾಡಿತು. ಪ್ಲಾಸ್ಮಿಡ್ ನಮಗೆ ತೀರ ಅಪರಿಚಿತವೂ ಅಲ್ಲ. 2021ರ ಆಗಸ್ಟಿನಲ್ಲಿ ಭಾರತ ತುರ್ತು ಬಳಕೆಗೆ ಅನುಮತಿಸಿದ ಝೈಕೋವ್-ಡಿ, ಮನುಷ್ಯರಿಗೆಂದು ಅನುಮತಿ ಪಡೆದ ಜಗತ್ತಿನ ಮೊದಲ ಡಿಎನ್‌ಎ ಲಸಿಕೆ. ಪ್ಲಾಸ್ಮಿಡ್ಡನ್ನು ದೊಡ್ಡ ಪ್ರಮಾಣದಲ್ಲಿ ಶುದ್ಧವಾಗಿ ತಯಾರಿಸುವ ವಿದ್ಯೆ ದೇಶದ ಕೈಯಲ್ಲೇ ಇದೆ.

ಇಷ್ಟಾದರೂ ಪುರಾವೆಯ ಬಹುಪಾಲು ಕೋಳಿ, ಇಲಿ, ಕುದುರೆಗಳದು ಎಂಬ ಆಕ್ಷೇಪಣೆ ಸರಿಯಾದದ್ದೇ. ಅದಕ್ಕೂ ಆಳದ ತೊಡಕು ಇನ್ನೊಂದಿದೆ. ಪ್ರಯೋಗಶಾಲೆಯಲ್ಲಿ ಕತ್ತರಿಸುವುದು ಎಳೆಯ, ಆರೋಗ್ಯವಂತ ಪ್ರಾಣಿಯ ರಜ್ಜುವನ್ನು. ವಿಜಯನಗರದ ಐವತ್ತೈದರ ಸಕ್ಕರೆ ಕಾಯಿಲೆಯವರ ಭುಜದ ರಜ್ಜು ಹರಿಯುವುದು ವರ್ಷಗಳ ಸವೆತದ ಕೊನೆಗೆ. ಕತ್ತರಿಸಿದ ಬೆರಳಿನ ರಜ್ಜುವಿಗೆ ಬೇಕಾದದ್ದು ಮೊದಲ ವಾರಗಳ ಬಲ ಮತ್ತು ಜಾರಿಕೆ. ಸವೆದ ಹಿಮ್ಮಡಿ, ಭುಜಗಳಿಗೆ ಬೇಕಾದದ್ದು ಹಳೆಯ ಕೆಟ್ಟ ಜೋಡಣೆಯನ್ನು ತಿದ್ದುವುದು. ಎರಡಕ್ಕೂ ಒಂದೇ ಔಷಧ ಎನ್ನುವವರನ್ನು ಅನುಮಾನದಿಂದಲೇ ನೋಡಬೇಕು. ಆದರೆ ಈ ಆಕ್ಷೇಪಣೆ ಸಂಶೋಧನೆಯನ್ನು ನಿಲ್ಲಿಸಲು ಕಾರಣವಾಗದು, ದಿಕ್ಕು ತಿದ್ದಲು ಕಾರಣವಾಗಬೇಕು. ಓಡುವ ಕುದುರೆಯ ಮುಂಗಾಲಿನ ರಜ್ಜು ಮನುಷ್ಯರ ಹಿಮ್ಮಡಿ ರಜ್ಜುವಿನಂತೆಯೇ ದಣಿದು, ಸವೆದು, ಹರಿಯುತ್ತದೆ. ಅದರಿಂದಾಗಿ ಕುದುರೆಯ ಫಲಿತಾಂಶಕ್ಕೆ ಇಲಿಯದಕ್ಕಿಂತ ಹೆಚ್ಚಿನ ತೂಕ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು, ಕುಣಿಗಲ್ಲಿನಲ್ಲಿ ಹೆಸರಾಂತ ಕುದುರೆ ಫಾರಂ ಇರುವ ನಾಡಿನಲ್ಲಿ ಗಾಯಗೊಂಡ ಕುದುರೆಗಳಿಗೇ ಚಿಕಿತ್ಸೆಯಾಗುವ, ಹೋಲಿಕೆ ಗುಂಪಿರುವ ಅಧ್ಯಯನ ಯಾಕೆ ಅಸಾಧ್ಯ?

ಎರಡನೆಯ ಆಕ್ಷೇಪಣೆ ರೋಗಿಗಳ ಕಡೆಯಿಂದ ಬರುವಂಥದು: ಪಿಆರ್‌ಪಿ ಇಂಜೆಕ್ಷನ್ ಆಗಲೇ ಸಿಗುತ್ತಿದೆಯಲ್ಲ, ಜೀನ್ ಯಾಕೆ? ರೋಗಿಯದೇ ರಕ್ತದ ಪ್ಲೇಟ್ಲೆಟ್ಟುಗಳನ್ನು ಸಾಂದ್ರಗೊಳಿಸಿ ಚುಚ್ಚುವ ಪಿಆರ್‌ಪಿಯಲ್ಲಿ ಹಲವು ಬೆಳವಣಿಗೆಯ ಪ್ರೋಟೀನ್‌ಗಳಿವೆ ಎಂಬುದು ನಿಜ. ಆದರೆ ದೀರ್ಘಕಾಲದ ಹಿಮ್ಮಡಿ ರಜ್ಜು ನೋವಿನ 54 ರೋಗಿಗಳ ಮೇಲೆ ನೆದರ್ಲೆಂಡ್ಸಿನಲ್ಲಿ ನಡೆದು 2010ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ ಪರೀಕ್ಷೆಯಲ್ಲಿ ಪಿಆರ್‌ಪಿಗೂ ಉಪ್ಪುನೀರಿಗೂ ವ್ಯತ್ಯಾಸ ಕಾಣಲಿಲ್ಲ. 2021ರಲ್ಲಿ ಬ್ರಿಟನ್ನಿನ 240 ರೋಗಿಗಳ ಪರೀಕ್ಷೆಯೂ ಸುಳ್ಳು ಇಂಜೆಕ್ಷನ್ನಿಗಿಂತ ಪಿಆರ್‌ಪಿ ಮೇಲೆಂದು ತೋರಿಸಲಿಲ್ಲ. ಇದರಿಂದ ಎರಡು ಪಾಠ. ಮೊದಲನೆಯದು, ಹತ್ತು ಬಗೆಯ ಆದೇಶಗಳನ್ನು ಅಳತೆಯಿಲ್ಲದೆ ಒಮ್ಮೆಗೇ ಸುರಿದರೆ ರಜ್ಜು ಕೇಳುವುದಿಲ್ಲ. ಇದು ನಿಖರತೆಯ ಪರವಾದ ವಾದ. ಎರಡನೆಯದು ಜೀನ್ ಚಿಕಿತ್ಸೆಗೂ ಎಚ್ಚರಿಕೆ: ಪ್ರಾಣಿಗಳಲ್ಲಿ ಚೆನ್ನಾಗಿ ಕಂಡದ್ದು, ರೋಗಿಗಳಿಗೂ ವೈದ್ಯರಿಗೂ ಇಷ್ಟವಾದದ್ದು, ಸುಳ್ಳು ಇಂಜೆಕ್ಷನ್ನಿನ ಎದುರು ನಿಲ್ಲದೇ ಹೋಗಬಹುದು.

ಮೂರನೆಯದು ಅತ್ಯಂತ ಗಂಭೀರವಾದದ್ದು. ಪ್ರಾಣಕ್ಕೆ ಸಂಚಕಾರವಿಲ್ಲದ ಗಾಯಕ್ಕೆ ಪ್ರಾಣಾಪಾಯದ ಚಿಕಿತ್ಸೆ ಸಲ್ಲುವುದೇ? 1999ರಲ್ಲಿ ಅಮೆರಿಕದ 18ರ ಯುವಕ ಜೆಸ್ಸಿ ಗೆಲ್ಸಿಂಗರ್ ಅಡಿನೋವೈರಸ್ ವಾಹಕಕ್ಕೆ ದೇಹ ತೋರಿದ ತೀವ್ರ ಪ್ರತಿಕ್ರಿಯೆಯಿಂದ ತೀರಿಕೊಂಡದ್ದು ಈ ಕ್ಷೇತ್ರದ ಮರೆಯಲಾಗದ ಘಟನೆ. 2007ರಲ್ಲಿ ಕೀಲುರೋಗಕ್ಕೆ ಎಎವಿ ಪರೀಕ್ಷಿಸುವಾಗ ಒಬ್ಬ ಮಹಿಳೆ ಸತ್ತರು. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಗಳ ನಡುವೆ ತಗಲಿದ ಶಿಲೀಂಧ್ರ ಸೋಂಕಿನತ್ತ ತನಿಖೆ ಬೊಟ್ಟು ಮಾಡಿತಾದರೂ ಪ್ರಶ್ನೆ ಉಳಿಯಿತು. ದಕ್ಷಿಣ ಕೊರಿಯಾದಲ್ಲಿ ಮಂಡಿ ಸವೆತಕ್ಕೆಂದು 2017ರಲ್ಲಿ ಅನುಮತಿ ಪಡೆದ ಇನ್ವೋಸಾದಲ್ಲಿ, ಕೀಲೆಲುಬಿನ ಮೃದ್ವಸ್ಥಿಯದೆಂದು ಹೇಳಿದ್ದ ಕೋಶಗಳು ಮೂತ್ರಪಿಂಡ ಮೂಲದವು ಎಂದು ಬಯಲಾಗಿ 2019ರಲ್ಲಿ ಅನುಮತಿ ರದ್ದಾಯಿತು. ನನ್ನ ದೃಷ್ಟಿಯಲ್ಲಿ ಈ ಆಕ್ಷೇಪಣೆಗೆ ಉತ್ತರ ಸಮಾಧಾನದ ಮಾತಲ್ಲ, ವಿನ್ಯಾಸ. ರಕ್ತಕ್ಕೆ ಸುರಿಯುವ ದೊಡ್ಡ ಪ್ರಮಾಣದ ವೈರಸ್ಸಿಗೂ ರಜ್ಜುವಿನ ಒಂದು ಬಿಂದುವಿಗೆ ಅಲ್ಟ್ರಾಸೌಂಡ್ ನೋಡಿಕೊಂಡು ಚುಚ್ಚುವ, ವಾರಗಳಲ್ಲಿ ಅಳಿಯುವ ಆರ್‌ಎನ್‌ಎಗೂ ಅಪಾಯದ ತೂಕ ಒಂದೇ ಅಲ್ಲ. ಪ್ರಾಣಾಂತಿಕವಲ್ಲದ ಗಾಯಕ್ಕೆ ಶಾಶ್ವತ ವಾಹಕವನ್ನು ಬಳಸುವುದನ್ನು ನೈತಿಕವಾಗಿ ಸಮರ್ಥಿಸುವುದು ಕಷ್ಟ. ಅಲ್ಪಾಯು ವಾಹಕವನ್ನು ಪರೀಕ್ಷಿಸಿ ನೋಡುವುದನ್ನು ಸಮರ್ಥಿಸಬಹುದು.

ನಾಲ್ಕನೆಯದು ಹಣದ ಮಾತು. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿಯ ಮಕ್ಕಳಿಗಾಗಿ 16 ಕೋಟಿ ರೂಪಾಯಿಯ ಇಂಜೆಕ್ಷನ್ನಿಗೆ ಊರೂರು ಚಂದಾ ಎತ್ತಿದ ಸುದ್ದಿ ಓದಿದವರಿಗೆ, ಬೆರಳಿನ ರಜ್ಜುವಿಗೆ ಜೀನ್ ಚಿಕಿತ್ಸೆ ಎನ್ನುವುದು ಅಣಕದಂತೆ ಕೇಳಿಸಬಹುದು. ಆ ಬೆಲೆಗೆ ಕಾರಣಗಳು ಹಲವು: ಇಡೀ ದೇಹಕ್ಕೆ ಬೇಕಾದ ವೈರಸ್ಸಿನ ಪ್ರಮಾಣ, ರೋಗಿಗಳ ಅಪರೂಪ, ಪೇಟೆಂಟು. ಬೆರಳಿನ ಗಾಯಕ್ಕೆ ಬೇಕಾದ ಪ್ರಮಾಣ ಅತ್ಯಲ್ಪ, ಗಾಯಾಳುಗಳು ಅಪರೂಪವಲ್ಲ, ಪ್ಲಾಸ್ಮಿಡ್ ತಯಾರಿಕೆ ವೈರಸ್ ತಯಾರಿಕೆಗಿಂತ ಸರಳ. ಹಾಗಿದ್ದೂ ಅಗ್ಗದ ದಾರಿ ಇರುವಾಗ ದುಬಾರಿ ದಾರಿ ಹಿಡಿಯಬಾರದು. ಇಲ್ಲಿ ಇನ್ನೊಂದು ಎಚ್ಚರ ಬೇಕು. ಭಾರತದಲ್ಲಿ ಜೀನ್ ಚಿಕಿತ್ಸೆಗೆ 2019ರ ರಾಷ್ಟ್ರೀಯ ಮಾರ್ಗಸೂಚಿಗಳಿವೆ. ಪರೀಕ್ಷೆ ನಡೆಸಲು ಕೇಂದ್ರ ಔಷಧ ನಿಯಂತ್ರಕರ ಅನುಮತಿ ಬೇಕು, ವೈದ್ಯಕೀಯ ಪರೀಕ್ಷೆಗಳ ರಾಷ್ಟ್ರೀಯ ದಾಖಲೆಪಟ್ಟಿಯಾದ ಸಿಟಿಆರ್‌ಐಯಲ್ಲಿ ನೋಂದಣಿಯಾಗಬೇಕು. ಪರೀಕ್ಷೆಯ ಹೊರಗೆ, ಹಣ ಪಡೆದು, ರಜ್ಜುವಿಗೆ ಜೀನ್ ಇಂಜೆಕ್ಷನ್ ಕೊಡುತ್ತೇವೆ ಎನ್ನುವ ಕ್ಲಿನಿಕ್ ಯಾವ ಬಡಾವಣೆಯಲ್ಲಿದ್ದರೂ ಅದಕ್ಕೆ ವಿಜ್ಞಾನದ ಬೆಂಬಲವೂ ಇಲ್ಲ, ಕಾನೂನಿನ ಬೆಂಬಲವೂ ಇಲ್ಲ.

ಕೆಂಗೇರಿಯ ಕ್ರೀಡಾಪಟುಗಳಿಗೆ ಇನ್ನೊಂದು ಬೇಲಿಯಿದೆ. ವಿಶ್ವ ಉದ್ದೀಪನಮದ್ದು ತಡೆ ಸಂಸ್ಥೆ ಜೀನ್ ಡೋಪಿಂಗನ್ನು 2003ರಿಂದ ನಿಷೇಧಿತ ಪಟ್ಟಿಯಲ್ಲಿಟ್ಟಿದೆ. ರಜ್ಜುವಿನ ಪ್ರೋಟೀನ್ ತಯಾರಿಕೆಯ ಮೇಲೆ ಪರಿಣಾಮ ಬೀರುವ ಬೆಳವಣಿಗೆಯ ಅಂಶಗಳೂ ಆ ಪಟ್ಟಿಯಲ್ಲಿವೆ. ನಮ್ಮಲ್ಲಿ 2022ರ ರಾಷ್ಟ್ರೀಯ ಉದ್ದೀಪನಮದ್ದು ತಡೆ ಕಾಯ್ದೆ ಇದಕ್ಕೆ ಶಾಸನದ ಬಲ ಕೊಟ್ಟಿದೆ. ಗಾಯ ವಾಸಿಮಾಡುವ ಜೀನೇ ಗಾಯವಿಲ್ಲದ ರಜ್ಜುವನ್ನು ಬಲಪಡಿಸಲೂ ಬಳಕೆಯಾಗಬಹುದೆಂಬ ಅನುಮಾನ ನಿರಾಧಾರವಲ್ಲ. ಅಲ್ಪಾಯು ಆದೇಶದ ವಾದ ಇಲ್ಲಿಯೂ ಉಪಯುಕ್ತ. ಶಾಶ್ವತ ಜೀನನ್ನು ಗಾಯ ಮಾಗಿದ ಮೇಲೆ ಹಿಂತೆಗೆಯಲು ಬರುವುದಿಲ್ಲ, ಆದ್ದರಿಂದ ಅದಕ್ಕೆ ಚಿಕಿತ್ಸಾ ವಿನಾಯಿತಿ ಕೊಡುವುದು ಕಷ್ಟ. ಕರಗಿಹೋಗುವ ಆದೇಶಕ್ಕೆ ಆರಂಭವೂ ಅಂತ್ಯವೂ ಇರುವುದರಿಂದ, ಸ್ಪರ್ಧೆಗೆ ಮರಳುವ ದಿನವನ್ನು ಅದರ ಆಚೆಗೆ ನಿಗದಿಪಡಿಸುವ ನಿಯಮವನ್ನಾದರೂ ಯೋಚಿಸಬಹುದು.

ಕೊನೆಯದಾಗಿ, ಜೀನಿನ ಬೆರಗಿನಲ್ಲಿ ಮರೆತುಹೋಗುವ ಒಂದು ಸತ್ಯವಿದೆ. ರಜ್ಜುವಿನ ಕೋಶಕ್ಕೆ ಅತಿ ಹಳೆಯ ಆದೇಶ ಎಳೆತವೇ. ಸ್ವೀಡನ್ನಿನ ಹಾಕನ್ ಆಲ್ಫ್ರೆಡ್‌ಸನ್ 1998ರಲ್ಲಿ, ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವ ಭಾರದ ವ್ಯಾಯಾಮವನ್ನು 12 ವಾರ ಮಾಡಿಸಿ ದೀರ್ಘಕಾಲದ ನೋವಿನ 15 ಓಟಗಾರರನ್ನು ಮತ್ತೆ ಓಡುವಂತೆ ಮಾಡಿದರು. ಬೆರಳಿನ ರಜ್ಜು ಹೊಲಿದ ಮೇಲೆ ತಜ್ಞರ ನಿಗಾದಲ್ಲಿ ಬೇಗ ಚಲನೆ ಶುರುಮಾಡುವುದು ಇಂದು ಚಿಕಿತ್ಸೆಯ ಭಾಗವೇ. ಆದೇಶ ಕೊಟ್ಟೂ ಎಳೆತ ಕೊಡದಿದ್ದರೆ ಹೊಸ ಕೊಲಾಜನ್ ಯಾವ ದಿಕ್ಕಿಗೆ ಸಾಲುಗಟ್ಟಬೇಕೆಂದು ತಿಳಿಯದು. ಅದರಿಂದ ಜೀನ್ ಚಿಕಿತ್ಸೆ ಬಂದರೂ ಅದು ಫಿಸಿಯೋಥೆರಪಿಯ ಜಾಗಕ್ಕೆ ಬರುವುದಿಲ್ಲ, ಅದರ ಜೊತೆಗೆ ಬರುತ್ತದೆ. ಇದು ಪಶ್ಚಿಮ ಬೆಂಗಳೂರಿಗೆ ಇಂದೇ ಅನ್ವಯಿಸುವ ಮಾತು. ಗಾಯವಾದ ಕಾರ್ಮಿಕ ತಡಮಾಡದೆ ಕೈಶಸ್ತ್ರಚಿಕಿತ್ಸಕರ ಮುಂದೆ ಬರುವುದು, ಹೊಲಿಗೆಯ ನಂತರದ ವಾರಗಳ ವ್ಯಾಯಾಮಕ್ಕೆ ಕೂಲಿ ಕಳೆದುಕೊಳ್ಳದೆ ರಜೆ ಸಿಗುವುದು, ಯಾವ ಗಾಯ ಎಷ್ಟು ತಿಂಗಳಲ್ಲಿ ಎಷ್ಟು ಬಲಕ್ಕೆ ಮರಳಿತೆಂದು ಆಸ್ಪತ್ರೆಗಳೂ ಕ್ರೀಡಾ ಕೇಂದ್ರವೂ ದಾಖಲೆಯಿಡುವುದು, ಇವಕ್ಕೆ ಹೊಸ ವಿಜ್ಞಾನ ಬೇಡ. ನಾಳೆ ಅಲ್ಪಾಯು ಜೀನ್ ಚಿಕಿತ್ಸೆಯ ಪರೀಕ್ಷೆ ಇಲ್ಲಿಗೆ ಬಂದರೆ, ಅದು ನಿಜವಾಗಿ ಏನನ್ನಾದರೂ ಸೇರಿಸಿತೇ ಎಂದು ಅಳೆಯಲು ಬೇಕಾಗುವುದೂ ಇದೇ ದಾಖಲೆ. ಅಂಥ ಪರೀಕ್ಷೆಗೆ ಒಪ್ಪಿಗೆ ಕೇಳುವವರನ್ನು ರೋಗಿ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡೇ: ಈ ಆದೇಶ ನನ್ನ ಮೈಯಲ್ಲಿ ಎಷ್ಟು ದಿನ ಇರುತ್ತದೆ, ಮತ್ತು ಅದು ನಿಂತಿತೆಂದು ನೀವು ಹೇಗೆ ತಿಳಿಯುತ್ತೀರಿ? ಎರಡಕ್ಕೂ ಅಳತೆಯ ಉತ್ತರ ಕೊಡಬಲ್ಲ ಚಿಕಿತ್ಸೆಗೆ ಬಾಗಿಲು ತೆರೆಯೋಣ. ಕೊಡಲಾರದ್ದು ಎಷ್ಟೇ ಬೆರಗಿನದಾದರೂ ಅದರ ಜಾಗ ಇನ್ನೂ ಪ್ರಯೋಗಶಾಲೆಯೇ.